ಚಿಂಚೋಳಿ ಗುಡ್ಡದ ಸೆರಗಿನಲ್ಲಿ ಗೆಳತಿಯರ ಜೊತೆ ಒಂದು ರಾತ್ರಿ ಉಳಿಯುವುದು ಹೇಗೆ

ಗೆಳತಿಯರೆಲ್ಲ ಸೇರಿ ಚಿಂಚೋಳಿ ಗುಡ್ಡ ಸುತ್ತಿ, ಅಲ್ಲೇ ಒಂದು ರಾತ್ರಿ ಉಳಿದು ಬರಬೇಕು ಅಂತ ಆಸೆ ಇದ್ದರೆ, ಮೊದಲು ರಾತ್ರಿ ಮಲಗುವ ಜಾಗ ಗಟ್ಟಿ ಮಾಡಿಕೊಳ್ಳಿ. ಯಾವ ಗುಡ್ಡ, ಯಾವ ದಾರಿ ಅನ್ನೋದನ್ನ ಆಮೇಲೆ ನೋಡೋಣ. ಜಾಗ ಸರಿಯಾಗಿದ್ದರೆ ಉಳಿದದ್ದೆಲ್ಲ ತಾನೇ ಹೊಂದಿಕೊಳ್ಳುತ್ತದೆ.

ಕಲಬುರಗಿಯಿಂದ ಚಿಂಚೋಳಿ ಸುಮಾರು 85 ಕಿಲೋಮೀಟರ್. ಅಲ್ಲಿಂದ ಮುಂದೆ ಚಂದ್ರಂಪಳ್ಳಿ ಡ್ಯಾಮಿನ ಕಡೆ ಹೋದರೆ ಕಾಡು ಶುರು. ಈ ಕಾಡು 2011ರಲ್ಲಿ ವನ್ಯಜೀವಿ ಧಾಮ ಆಯಿತು. ಸುಮಾರು 135 ಚದರ ಕಿಲೋಮೀಟರ್ ಇದೆ. ತೋಳ, ಕತ್ತೆಕಿರುಬ, ನರಿ, ಕೊಂಡುಕುರಿ ಎಲ್ಲ ಇರುವ ಕಾಡು. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇಂಥ ಕಡೆ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಹಾಗಾಗಿ ಸುಮ್ನೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೋಗಿ ಮರದ ಕೆಳಗೆ ಟೆಂಟ್ ಹಾಕುವ ಯೋಚನೆ ಬಿಟ್ಟುಬಿಡಿ. ಹಗಲು ಓಡಾಡಲು ಚಿಂಚೋಳಿಯ ಅರಣ್ಯ ಇಲಾಖೆ ಕಚೇರಿಗೆ ಮೊದಲೇ ಹೋಗಿ ಕೇಳಿ. ಯಾವ ದಾರಿ ಹಿಡಿಯಬಹುದು, ಯಾವುದು ಬೇಡ ಅಂತ ಅವರೇ ಹೇಳುತ್ತಾರೆ. ರಾತ್ರಿ ಕಾಡಿನ ಗಡಿ ಬಿಟ್ಟು ಹೊರಗೆ, ಯಾರದಾದರೂ ಹೊಲದಲ್ಲಿ ಇರಬೇಕು.

ನಾವು ಉಳಿಯುವುದು ನಮ್ಮ ಗೆಳತಿ ಸಾವಿತ್ರಿಯ ಸೋದರಮಾವನ ಹೊಲದಲ್ಲಿರುವ ಒಂದು ಕಲ್ಲು ಕೋಣೆಯಲ್ಲಿ. ಗೋಡೆ ಕಲ್ಲಿನದು, ಮೇಲೆ ತೊಲೆ ಹಾಕಿ ಶಹಾಬಾದಿ ಫರಸಿ, ಅಂದರೆ ಚಪ್ಪಟೆ ಕಲ್ಲಿನ ಹಾಸು, ಹೊಚ್ಚಿದ್ದಾರೆ. ಕಿಟಕಿ ಇಲ್ಲ, ಕರೆಂಟ್ ಇಲ್ಲ. ಬಾಗಿಲಿಗೆ ಚಿಲಕ ಇದೆ, ಬೀಗ ಇಲ್ಲ. ಮಳೆ ಬಂದರೆ ಕುರಿ ಕಾಯುವವರು ಒಳಗೆ ಬಂದು ಕೂರುತ್ತಾರೆ, ತೊಗರಿ ಕೊಯ್ಲಿನ ಹೊತ್ತಿಗೆ ಆಳುಗಳು ಮಲಗುತ್ತಾರೆ. ಯಾರೂ ಯಾರನ್ನೂ ಕೇಳುವುದಿಲ್ಲ, ಯಾರೂ ಅಲ್ಲಿಂದ ಒಂದು ಹಗ್ಗದ ತುಂಡೂ ಒಯ್ಯುವುದಿಲ್ಲ. ಇಂಥ ಕೋಣೆ ಗುಡ್ಡದ ಸೆರಗಿನಲ್ಲಿರುವ ಎಷ್ಟೋ ಹೊಲಗಳಲ್ಲಿವೆ. ನಿಮ್ಮ ಬಳಗದಲ್ಲಿ ವಿಚಾರಿಸಿ. ಚಿಂಚೋಳಿ ಕಡೆಯವರು ಕಲಬುರಗಿಯ ಪ್ರತಿ ಓಣಿಯಲ್ಲೂ ಇದ್ದಾರೆ, ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ.

ಕೋಣೆ ಸಿಕ್ಕಿತು ಅಂದ ಕೂಡಲೇ ಹೂಂ ಅನ್ನಬೇಡಿ. ಬಾವಿ ಎಷ್ಟು ದೂರ, ಈಗ ನೀರಿದೆಯಾ ಅಂತ ಕೇಳಿ. ಬೋರ್‌ವೆಲ್ ಇದ್ದರೆ ತ್ರೀಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೆ ಅಂತ ಖಚಿತ ಮಾಡಿಕೊಳ್ಳಿ. ಮೋಟಾರು ನಿಮ್ಮ ಅನುಕೂಲಕ್ಕೆ ಓಡುವುದಿಲ್ಲ, ಕರೆಂಟ್ ಕೊಟ್ಟಾಗ ಓಡುತ್ತದೆ. ಅದು ನಡುರಾತ್ರಿಯೂ ಆಗಿರಬಹುದು. ಆ ವಾರ ಬೇರೆ ಯಾರಾದರೂ ಅಲ್ಲಿ ಉಳಿಯುವವರಿದ್ದಾರಾ ಅಂತಲೂ ಕೇಳಿ. ಹೆಣ್ಣುಮಕ್ಕಳೇ ಹೋಗುವುದಾದರೆ ಇದು ತುಂಬ ಮುಖ್ಯ. ಹೊಲದ ಯಜಮಾನರು ಪಕ್ಕದ ತಾಂಡಾದ (ಲಂಬಾಣಿ ಜನರ ಊರಿನ) ಒಬ್ಬ ಹಿರಿಯರಿಗೆ ಒಂದು ಮಾತು ಹೇಳಿಟ್ಟರೆ ಸಾಕು, ನಿಮಗೆ ಅದಕ್ಕಿಂತ ದೊಡ್ಡ ಕಾವಲು ಬೇಕಿಲ್ಲ. ನಾವು ಹೋದಾಗ ಒಬ್ಬ ಕಾಕಾ ಕತ್ತಲಾಗುವ ಮೊದಲು ಬಂದು, ‘ಅಕ್ಕಾರೆ, ಆರಾಮ ಮಲಕೋರಿ, ಏನರ ಬೇಕಾದ್ರ ಒಂದು ಕೂಗ ಹಾಕ್ರಿ’ ಅಂತ ಹೇಳಿ ಹೋಗುತ್ತಾರೆ. ಆ ಒಂದು ಮಾತಿನಿಂದ ನಮಗೆಲ್ಲ ನಿದ್ದೆ ಹತ್ತುತ್ತದೆ.

ಹೋಗುವ ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವೆ ಇರಲಿ. ಬೇಸಿಗೆ ಬೇಡವೇ ಬೇಡ. ನಮ್ಮ ಕಡೆ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುತ್ತದೆ, ಕಾದ ಫರಸಿ ಅರ್ಧ ರಾತ್ರಿವರೆಗೂ ಕಾವು ಬಿಡುತ್ತಿರುತ್ತದೆ. ಚಿಂಚೋಳಿ ಕಡೆಯ ಎತ್ತಿಪೋತ ಜಲಪಾತ ತುಂಬಿ ಬೀಳುವುದನ್ನ ನೋಡುವ ಆಸೆ ಇದ್ದರೆ ಮಳೆಗಾಲದಲ್ಲಿ ಹಗಲು ಹೋಗಿ ಸಂಜೆಗೆ ವಾಪಸ್ ಬನ್ನಿ. ಆಗ ಎರೆಮಣ್ಣಿನಲ್ಲಿ ನಡೆದರೆ ಬೂಟಿಗೆ ಮಣ್ಣು ಮೆತ್ತಿ ಮೆತ್ತಿ ಕಾಲು ಎತ್ತಲಾಗುವುದಿಲ್ಲ, ಕೋಣೆಯಲ್ಲಿ ಫರಸಿ ಸಂದಿಯಿಂದ ನೀರೂ ಇಳಿಯುತ್ತದೆ. ನನಗೆ ಇಷ್ಟವಾದ ಕಾಲ ಎಳ್ಳಮಾವಾಸ್ಯೆ ಆದಮೇಲಿನ ದಿನಗಳು. ರಾತ್ರಿ ಒಳ್ಳೆ ಚಳಿ, ಹಗಲು ಹಿತವಾದ ಬಿಸಿಲು, ಹೊಲದಲ್ಲಿ ಬಿಳಿಜೋಳ ನಿಂತಿರುತ್ತದೆ. ಅದೃಷ್ಟ ಇದ್ದರೆ ಸೀತನಿ, ಅಂದರೆ ಸುಟ್ಟ ಎಳೆ ಜೋಳ, ತಿನ್ನಲೂ ಸಿಗುತ್ತದೆ.

ನೀರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಭಾಗದ ಇಂಥ ಗುಡ್ಡಗಳ ನೆತ್ತಿಯಲ್ಲಿ ಕೆಂಪು ಜಂಬಿಟ್ಟಿಗೆ ಇರುತ್ತದೆ, ಅದರ ಕೆಳಗೆ ಕರಿಕಲ್ಲು. ಜಂಬಿಟ್ಟಿಗೆಯ ತುಂಬ ತೂತು. ಮಳೆ ನೀರನ್ನ ಕುಡಿದುಕೊಳ್ಳುತ್ತದೆ. ಕರಿಕಲ್ಲು ನೀರನ್ನ ಅಷ್ಟು ಸುಲಭವಾಗಿ ಕೆಳಗೆ ಬಿಡುವುದಿಲ್ಲ, ಹಾಗಾಗಿ ಎರಡೂ ಕೂಡುವ ಕಡೆ ಅದು ಝರಿಯಾಗಿ ಹೊರಗೆ ಬರುತ್ತದೆ. ಬೀದರ್‌ನ ಝರಣಿ ನರಸಿಂಹ, ಗುರುನಾನಕ್ ಝೀರಾ ಎರಡೂ ಹೀಗೇ ಹುಟ್ಟಿದ ನೀರು. ಗುಡ್ಡದಲ್ಲಿ ಕೆಂಪು ಮುಗಿದು ಕಪ್ಪು ಶುರುವಾಗುವ ಕಡೆ ಹಸಿರು ಜಾಸ್ತಿ ಕಂಡರೆ ಅಲ್ಲಿ ನೀರಿನ ಪಸೆ ಇದೆ ಅಂತ ತಿಳಿಯಿರಿ. ಆದರೆ ಅದನ್ನೇ ನಂಬಿ ಹೊರಡಬೇಡಿ, ಚಳಿಗಾಲ ಮುಗಿಯುವ ಹೊತ್ತಿಗೆ ಸಣ್ಣ ಝರಿಗಳು ಒಣಗುತ್ತವೆ. ಕುಡಿಯಲು ಒಬ್ಬರಿಗೆ ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಬಾವಿ ನೀರನ್ನ ಕುದಿಸಿಯೇ ಕುಡಿಯಿರಿ. ನನ್ನ ಮೆಡಿಕಲ್ ಅಂಗಡಿ ಕಲಬುರಗಿಯ ಬ್ರಹ್ಮಪುರದಲ್ಲಿದೆ. ಜಾತ್ರೆ, ಪಿಕ್ನಿಕ್ ಮುಗಿಸಿ ಬಂದವರು ಮರುದಿನ ನಮ್ಮಲ್ಲಿ ಕೇಳುವುದು ಭೇದಿ ಮಾತ್ರೆಯನ್ನೇ. ಒಆರ್‌ಎಸ್ ಪುಡಿ ಒಬ್ಬರಿಗೆ ಎರಡು ಪ್ಯಾಕೆಟ್ ಇರಲಿ.

ಕಾಲಿಗೆ ಬೂಟು ಬೇಕು. ಚಪ್ಪಲಿ ಸಾಲದು, ಸ್ಯಾಂಡಲ್ಲೂ ಸಾಲದು. ಕಾರಣ ಗುಡ್ಡಕ್ಕಿಂತ ಜಾಸ್ತಿ ತೊಗರಿ ಹೊಲ. ತೊಗರಿ ಕೊಯ್ಯುವಾಗ ಕುಡಗೋಲು ಓರೆಯಾಗಿ ಬೀಸುತ್ತಾರೆ. ನೆಲದಿಂದ ನಾಲ್ಕು ಬೆರಳು ಮೇಲೆ ಉಳಿದ ಕೂಳೆ ಒಣಗಿ ಮೊಳೆಯ ಹಾಗೆ ಚೂಪಾಗಿರುತ್ತದೆ. ತೆಳು ಚಪ್ಪಲಿಯ ಅಟ್ಟೆ ತೂರಿ ಅಂಗಾಲಿಗೆ ಚುಚ್ಚುತ್ತದೆ. ಸಾಲಿನ ನಡುವೆ ಕಾಲಿಟ್ಟು ನಡೆಯಿರಿ, ಸಾಲು ಅಡ್ಡ ದಾಟುವಾಗ ನಿಧಾನ. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ವರ್ಷಗಳಾಗಿದ್ದರೆ ಹೋಗುವ ಮೊದಲೇ ಡಾಕ್ಟರನ್ನ ಕೇಳಿ ಹಾಕಿಸಿಕೊಳ್ಳಿ.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಇದ್ದರೆ ಹಗಲು ಮುಗಿಯಿತು. ನಸೀಮಾ ಮಾಡಿ ತರುವ ಶೇಂಗಾ ಉಂಡೆ ನಮಗೆ ಗುಡ್ಡ ಏರುವ ಶಕ್ತಿ. ರಾತ್ರಿಗೆ ಒಂದೇ ಪಾತ್ರೆಯಲ್ಲಿ ಖಿಚಡಿ. ಅಕ್ಕಿ, ತೊಗರಿಬೇಳೆ, ಅರಿಶಿನ, ಉಪ್ಪು, ಜೀರಿಗೆಯನ್ನ ಮನೆಯಲ್ಲೇ ಅಳೆದು ಒಂದು ಡಬ್ಬಿಗೆ ತುಂಬಿಸಿಕೊಳ್ಳಿ, ಅಲ್ಲಿ ಬೇಳೆ ಒಂದು ಅರ್ಧ ತಾಸು ನೆನೆಯಲಿ. ಕೋಣೆಯ ಹೊರಗೆ ಮೂರು ಕಲ್ಲಿನ ಒಲೆ ಇರುತ್ತದೆ, ತೊಗರಿ ಕಟ್ಟಿಗೆ ಬೇಗ ಹತ್ತಿಕೊಳ್ಳುತ್ತದೆ, ಬೇಗ ಆರುತ್ತದೆ. ಒಬ್ಬರು ಒಲೆ ಮುಂದೆಯೇ ಕೂತು ಕಟ್ಟಿಗೆ ದೂಡುತ್ತಿರಬೇಕು. ಸುತ್ತ ಒಣ ಕಸ ಇದ್ದರೆ ಗುಡಿಸಿ ದೂರ ಮಾಡಿ, ಒಂದು ಕೊಡ ನೀರು ಪಕ್ಕದಲ್ಲಿರಲಿ.

ಚಳಿ ಅಂತ ಕೆಂಡವನ್ನ ಬೋಗುಣಿಯಲ್ಲಿ ಹಾಕಿ ಒಳಗೆ ತಂದು ಬಾಗಿಲು ಮುಚ್ಚಿ ಮಲಗಬೇಡಿ. ಕಿಟಕಿ ಇಲ್ಲದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಗಾಳಿ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಬೆಚ್ಚಗೆ ಬೇಕಿದ್ದರೆ ಕೌದಿ ಇನ್ನೊಂದು ತನ್ನಿ.

ನಡಿಗೆಯ ಬಗ್ಗೆ ಹೇಳುವುದು ಕಡಿಮೆ. ಮುಂಜಾನೆ ಏಳಕ್ಕೆ ಹೊರಡಿ, ಬಿಸಿಲು ನೆತ್ತಿಗೆ ಬರುವ ಮೊದಲು ಗುಡ್ಡದ ಮೇಲಿರಿ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಲಿ, ಉಳಿದವರು ಅವರ ಹಿಂದೆ. ಡಿಸೆಂಬರ್‌ನಲ್ಲಿ ಆರಕ್ಕೆ ಮೊದಲೇ ಹೊತ್ತು ಮುಳುಗುತ್ತದೆ, ಹಾಗಾಗಿ ನಾಲ್ಕೂವರೆಗೆಲ್ಲ ಕೋಣೆಗೆ ವಾಪಸ್ ಆಗಿರಬೇಕು. ಗೊಟ್ಟಂಗೊಟ್ಟದ ಬಕ್ಕಪ್ರಭು ಗುಡಿಗೆ ಹೋಗಬೇಕು ಅನ್ನುವವರು ಅದನ್ನ ಎರಡನೇ ದಿನ ಇಟ್ಟುಕೊಳ್ಳಿ. ತೋಳ, ಕಿರುಬ ಅಂತ ಹೆದರುವವರಿಗೆ ಒಂದು ಮಾತು. ಗುಂಪಾಗಿ ಮಾತಾಡಿಕೊಂಡು ಹೋಗುವವರನ್ನ ಕಂಡರೆ ಅವೇ ದೂರ ಸರಿಯುತ್ತವೆ. ಮರಿ ಕಂಡರೆ ಹತ್ತಿರ ಹೋಗಬೇಡಿ, ಅಷ್ಟೇ.

ನಿಜವಾಗಿ ಎಚ್ಚರ ಬೇಕಾದದ್ದು ಹಾವು, ಚೇಳಿನ ಬಗ್ಗೆ. ಕಲ್ಲು ಗುಡ್ಡದಲ್ಲಿ ಗರಗಸ ಮಂಡಲ ಹಾವು ಇರುತ್ತದೆ. ಗೇಣುದ್ದ ಕಂಡರೂ ವಿಷ ಜೋರು. ನೋಡದೆ ಕಲ್ಲು ಸಂದಿಗೆ ಕೈ ಹಾಕಬೇಡಿ, ಕಟ್ಟಿಗೆ ಎತ್ತುವ ಮೊದಲು ಕೋಲಿನಿಂದ ಉರುಳಿಸಿ ನೋಡಿ. ರಾತ್ರಿ ಬರುವುದು ಕಟ್ಟುಹಾವು. ಅದು ಇಲಿ, ಹಲ್ಲಿ ಹುಡುಕಿಕೊಂಡು ಮನೆಯೊಳಗೆ ಬರುತ್ತದೆ, ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಗಾಯವೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು, ಕಣ್ಣು ರೆಪ್ಪೆ ಜೋತುಬಿದ್ದರೆ ಅದನ್ನ ಅಜೀರ್ಣ ಅಂತ ತಿಳಿಯಬೇಡಿ. ಒಂದು ನಿಮಿಷ ತಡ ಮಾಡದೆ ಆಸ್ಪತ್ರೆಗೆ ಹೊರಡಿ.

ಇದಕ್ಕೆ ಒಳ್ಳೆಯ ರಕ್ಷಣೆ ಸೊಳ್ಳೆ ಪರದೆ. ಹೊತ್ತು ಮುಳುಗುವ ಮೊದಲೇ ಹಾಸಿಗೆ ಸಿದ್ಧ ಮಾಡಿ. ಕೋಣೆಯನ್ನ ಪೂರ್ತಿ ಗುಡಿಸಿ, ಮೂಲೆಗಳಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ. ಕೆಳಗೆ ತಾಡಪತ್ರಿ, ಅದರ ಮೇಲೆ ಜಮಖಾನೆ, ಅದರ ಮೇಲೆ ಕೌದಿ. ಮೆತ್ತಗಿರಲಿ ಅಂತ ಜೋಳದ ಕಣಿಕೆ ಹಾಸಬೇಡಿ, ಅದರಲ್ಲೇ ಚೇಳು ಇರುತ್ತದೆ. ಪರದೆಯನ್ನ ತೊಲೆಗೆ ದಾರದಿಂದ ಕಟ್ಟಿ, ಅಂಚನ್ನ ಕೌದಿಯ ಕೆಳಗೆ ಒಂದು ಗೇಣಷ್ಟು ಒಳಗೆ ಸೇರಿಸಿ. ಸೇರಿಸಿದ ಮೇಲೆ ಒಳಗೆ ಕೂತು ನಾಲ್ಕೂ ಬದಿ ಕೈಯಾಡಿಸಿ ನೋಡಬೇಕು. ಒಂದು ಕಡೆ ಸಡಿಲ ಇದ್ದರೂ ಪರದೆ ಕಟ್ಟಿದ್ದು ವ್ಯರ್ಥ. ಗೋಡೆಗೆ ಒರಗಿ ಮಲಗಬೇಡಿ. ಬ್ಯಾಟರಿ ದಿಂಬಿನ ಪಕ್ಕದಲ್ಲೇ ಇರಲಿ. ಬೂಟನ್ನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೊಳೆಗೆ ತೂಗುಹಾಕಿ, ಬೆಳಿಗ್ಗೆ ಝಾಡಿಸಿಯೇ ಹಾಕಿಕೊಳ್ಳಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆಯಿರಿ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದ ಹಾಗೆ ಕೋಲು ಕಟ್ಟಿ, ಎತ್ತಿಕೊಂಡು ರಸ್ತೆಗೆ ತನ್ನಿ, 108ಕ್ಕೆ ಫೋನ್ ಮಾಡಿ. ವಿಷಕ್ಕೆ ಔಷಧ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಒಂದೇ. ಹಾವು ಹಿಡಿಯಲು ಹೋಗಿ ಹೊತ್ತು ಕಳೆಯಬೇಡಿ. ಕೋಣೆಯಿಂದ ವಾಹನ ಬರುವ ರಸ್ತೆಗೆ ಎಷ್ಟು ದೂರ, ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅನ್ನೋದನ್ನ ಬೆಳಕಿದ್ದಾಗಲೇ ನಡೆದು ನೋಡಿಟ್ಟುಕೊಳ್ಳಿ.

ಹೆಣ್ಣುಮಕ್ಕಳಿಗೆ ಒಂದೆರಡು ಮಾತು. ಬಯಲಿಗೆ ಹೋಗುವ ಜಾಗವನ್ನ ಸಂಜೆಯೇ ನೋಡಿಟ್ಟುಕೊಳ್ಳಿ, ಬಾವಿಯಿಂದ ದೂರ ಇರಲಿ. ಸಣ್ಣ ಸಲಿಕೆಯಿಂದ ಗೇಣು ಆಳ ಅಗೆದು ಮಣ್ಣು ಮುಚ್ಚಿ. ರಾತ್ರಿ ಇಬ್ಬರಿಲ್ಲದೆ ಹೊರಗೆ ಹೋಗಬೇಡಿ. ಪ್ಯಾಡನ್ನ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ ವಾಪಸ್ ತನ್ನಿ, ಹುಗಿದರೆ ನಾಯಿ ನರಿ ಕೆದರುತ್ತವೆ. ನೀರು ಕಡಿಮೆ ಕುಡಿದು ತಡೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಅದರಿಂದ ಉರಿಮೂತ್ರ ಬರುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. ಮನೆಯವರಿಗೆ ಒಂದು ಚೀಟಿ ಬರೆದುಕೊಡಿ. ಯಾರ ಹೊಲ, ಅವರ ಫೋನ್ ನಂಬರ್, ಜೊತೆಗಿರುವವರ ಹೆಸರು, ವಾಪಸ್ ಬರುವ ಬಸ್ಸಿನ ಹೊತ್ತು. ಶಶಿಕಲಾಳ ಅತ್ತೆ ಮೊದಲು ಬೇಡವೇ ಬೇಡ ಅನ್ನುತ್ತಿದ್ದರು. ಚೀಟಿ ಕೈಗೆ ಕೊಟ್ಟು, ಸಾವಿತ್ರಿಯ ಸೋದರಮಾವನವರ ಜೊತೆ ಫೋನಿನಲ್ಲಿ ಮಾತಾಡಿಸಿದ ಮೇಲೆ ಈಗ ಅವರೇ ರೊಟ್ಟಿ ಬಡಿದು ಕಟ್ಟಿಕೊಡುತ್ತಾರೆ.

ಬಿಟ್ಟು ಬರುವ ದಿನ ಒಂದು ತಾಸು ಕೋಣೆಗಾಗಿ ಇಡಿ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಒಲೆಯ ಬೂದಿಗೆ ನೀರು ಹಾಕಿ, ಕೈಯಿಟ್ಟು ತಣ್ಣಗಾಗಿದೆಯಾ ನೋಡಿ. ಎಷ್ಟು ಕಟ್ಟಿಗೆ ಉರಿಸಿದಿರೋ ಅಷ್ಟನ್ನ ಆರಿಸಿ ತಂದು ಒಳಗೆ ಒಟ್ಟಿ. ಹೊಲದ ಕಟ್ಟಿಗೆ ತರುವುದಾದರೆ ಯಜಮಾನರನ್ನ ಕೇಳಿ, ಕಾಡಿನದು ಮುಟ್ಟಬೇಡಿ. ಬಾಟಲಿ, ಬಿಸ್ಕೆಟ್ ಕವರ್, ಗುಟ್ಕಾ ಚೀಟಿ ಎಲ್ಲ ಚೀಲಕ್ಕೆ, ಮೊದಲು ಬಂದವರು ಬಿಟ್ಟು ಹೋದದ್ದೂ ಸೇರಿ. ನಾವು ಒಂದು ಡಬ್ಬಿಯಲ್ಲಿ ಉಪ್ಪು, ಕಡ್ಡಿಪೆಟ್ಟಿಗೆ, ಒಂದೆರಡು ಮೇಣದಬತ್ತಿ ಇಟ್ಟು ಬರುತ್ತೇವೆ. ಮಳೆಯಲ್ಲಿ ನೆನೆದು ಬಂದ ಕುರಿಗಾರನಿಗೆ ಆಗುತ್ತದೆ. ಯಜಮಾನರಿಗೆ ದುಡ್ಡು ಕೊಡಲು ಹೋದರೆ ಬೇಜಾರು ಮಾಡಿಕೊಳ್ಳುತ್ತಾರೆ. ಅವರ ಮನೆಗೆ ಹಣ್ಣು, ಮಕ್ಕಳಿಗೆ ಏನಾದರೂ ತಗೊಂಡು ಹೋಗಿ, ಒಂದು ಚಾ ಕುಡಿದು, ಫರಸಿ ಎಲ್ಲಾದರೂ ಸರಿದಿದ್ದರೆ, ಬಾಗಿಲ ಚಿಲಕ ಸಡಿಲಾಗಿದ್ದರೆ ಹೇಳಿ ಬನ್ನಿ.

ಮನೆಗೆ ಬಂದ ಕೂಡಲೇ ಬಟ್ಟೆಯನ್ನ ಬಿಸಿನೀರಿಗೆ ಹಾಕಿ, ಕೌದಿಯನ್ನ ಬಿಸಿಲಿಗೆ ಹಾಕಿ. ಸ್ನಾನ ಮಾಡುವಾಗ ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ ಉಣ್ಣಿ ಹುಳ ಹತ್ತಿದೆಯಾ ನೋಡಿ. ಹತ್ತಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಮೇಲೆ ಎಳೆಯಿರಿ, ಎಣ್ಣೆ ಹಚ್ಚುವುದು, ಸುಡುವುದು ಬೇಡ. ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ ಡಾಕ್ಟರಿಗೆ ಗುಡ್ಡಕ್ಕೆ ಹೋಗಿ ಹೊಲದಲ್ಲಿ ಮಲಗಿದ್ದೆ ಅಂತ ಮರೆಯದೆ ಹೇಳಿ.