ಬೈಕಂಪಾಡಿಯಿಂದ ಮಲ್ಪೆವರೆಗೆ: ಉದ್ಯಮಗಳ ಹೊಸತನ ಅಳೆಯುವುದು ಹೇಗೆ?

ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಏಜೆಂಟರು ಮನೆಗೆ, ಅಂಗಡಿಗೆ ಬಂದು ಸಂಗ್ರಹಿಸುವ ಏರ್ಪಾಡು ಅದು. ಇದಕ್ಕೆ ಪ್ರಯೋಗಾಲಯವೂ ಬೇಕಾಗಲಿಲ್ಲ, ಪೇಟೆಂಟೂ ಬೇಕಾಗಲಿಲ್ಲ. ಆ ವರ್ಷ ಯಾರಾದರೂ ಹಾಳೆ ಹಿಡಿದು ಬಂದು “ಸಂಶೋಧನೆಗೆ ಎಷ್ಟು ಖರ್ಚು ಮಾಡಿದ್ದೀರಿ?” ಎಂದು ಕೇಳಿದ್ದರೆ ಉತ್ತರ ಸೊನ್ನೆ. ನಾಡಿನ ಬ್ಯಾಂಕಿಂಗ್‌ನಲ್ಲಿ ಹೆಸರು ಮಾಡಿದ ಒಂದು ಯೋಜನೆ ಆ ಸಮೀಕ್ಷೆಯ ಲೆಕ್ಕಕ್ಕೇ ಸಿಗುತ್ತಿರಲಿಲ್ಲ.

ನಮ್ಮಂಥ ದೇಶಗಳ ಉದ್ಯಮಗಳಲ್ಲಿ ಹೊಸತು ಬರುವುದು ಹೆಚ್ಚಾಗಿ ಈ ದಾರಿಯಲ್ಲೇ. ಯಾರೋ ಹೊಸ ಯಂತ್ರ ತರುತ್ತಾರೆ, ಮುಂಬೈಯಲ್ಲಿ ಕಂಡದ್ದನ್ನು ಇಲ್ಲಿಗೆ ಒಗ್ಗಿಸುತ್ತಾರೆ, ಮಾರಾಟದ ಕ್ರಮ ಬದಲಾಯಿಸುತ್ತಾರೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆಯ ಜೊತೆ 2021-22ರಲ್ಲಿ ತಯಾರಿಕಾ ವಲಯದ ನಾವೀನ್ಯ ಸಮೀಕ್ಷೆ ನಡೆಸಿತು. 8,000ಕ್ಕೂ ಹೆಚ್ಚು ಸಂಸ್ಥೆಗಳು ಅದರಲ್ಲಿದ್ದವು. ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಮೊದಲನೆಯದು. ಸಂತೋಷದ ಮಾತೇ. ಆದರೆ ಮಂಗಳೂರಿನ ಕೈಗಾರಿಕಾ ಪ್ರದೇಶವಾದ ಬೈಕಂಪಾಡಿಯ ಗೇರುಬೀಜದ ಕಾರ್ಖಾನೆಯಲ್ಲಿ, ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಏನಾಗುತ್ತಿದೆ ಎಂದು ಆ ಪಟ್ಟಿಯಿಂದ ತಿಳಿಯುವುದಿಲ್ಲ. ಅದನ್ನು ಇಲ್ಲಿಯವರೇ ಕೇಳಿ ತಿಳಿಯಬೇಕು. ಸಣ್ಣ ಕೈಗಾರಿಕೆಗಳ ಸಂಘವೋ ವಾಣಿಜ್ಯ ಕಾಲೇಜಿನ ವಿಭಾಗವೋ ಮನಸ್ಸು ಮಾಡಿದರೆ ಆಗುವ ಕೆಲಸ ಇದು.

ಮೊದಲು: ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು?

ಇದಕ್ಕೆ ಜಗತ್ತು ಒಪ್ಪಿದ ಕೈಪಿಡಿಯೊಂದಿದೆ, ‘ಓಸ್ಲೊ ಕೈಪಿಡಿ’. ಮೊದಲ ಆವೃತ್ತಿ 1992ರದ್ದು, ಈಗ ಚಾಲ್ತಿಯಲ್ಲಿರುವ ನಾಲ್ಕನೆಯದು 2018ರದ್ದು. ಶ್ರೀಮಂತ ದೇಶಗಳ ಅಳತೆಗೋಲು ನಮಗೆ ಹಾಗೇ ಹೊಂದುವುದಿಲ್ಲ ಎಂದು ಲ್ಯಾಟಿನ್ ಅಮೆರಿಕದವರು 2001ರಲ್ಲಿ ‘ಬೊಗೊಟಾ ಕೈಪಿಡಿ’ ತಂದರು. ಯಂತ್ರ ಖರೀದಿ, ಕೆಲಸಗಾರರ ತರಬೇತಿ, ಹೊರಗಿನ ತಂತ್ರಜ್ಞಾನವನ್ನು ಒಗ್ಗಿಸಿಕೊಳ್ಳುವುದು ಇವೆಲ್ಲಕ್ಕೆ ಅದು ಜಾಗ ಕೊಟ್ಟಿತು. ಅದರ ಪರಿಣಾಮವಾಗಿ 2005ರ ಓಸ್ಲೊ ಆವೃತ್ತಿಗೆ ಅಭಿವೃದ್ಧಿಶೀಲ ದೇಶಗಳ ಸಮೀಕ್ಷೆಯ ಬಗ್ಗೆಯೇ ಒಂದು ಅನುಬಂಧ ಸೇರಿತು.

ಕೈಪಿಡಿಯ ವ್ಯಾಖ್ಯೆಯ ಸಾರ ಇಷ್ಟು. ಉತ್ಪನ್ನವಾಗಲಿ, ವ್ಯವಹಾರ ನಡೆಸುವ ಕ್ರಮವಾಗಲಿ ಆ ಸಂಸ್ಥೆಯಲ್ಲಿ ಹಿಂದೆ ಇದ್ದದ್ದಕ್ಕಿಂತ ಗಮನಾರ್ಹವಾಗಿ ಬೇರೆಯಾಗಿರಬೇಕು. ಅದು ಮಾರುಕಟ್ಟೆಗೆ ಬಂದಿರಬೇಕು ಇಲ್ಲವೇ ಬಳಕೆಯಲ್ಲಿರಬೇಕು. ಮನಸ್ಸಿನಲ್ಲಿರುವ ಯೋಜನೆಗೆ ಇಲ್ಲಿ ಜಾಗವಿಲ್ಲ. ಜಗತ್ತಿಗೇ ಹೊಸತಾಗಿರಬೇಕೆಂದೂ ಇಲ್ಲ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚು ಯುರೋಪಿನಲ್ಲಿ ಆಗಲೇ ಇತ್ತು. ಮಂಗಳೂರಿನ ಮಾರುಕಟ್ಟೆಗೆ ಅದು ಹೊಸತು, ಅಷ್ಟು ಸಾಕು. ಹಾಗಾಗಿ ಹಾಳೆಯಲ್ಲಿ ಮೂರು ಮನೆ ಮಾಡಿ: ಸಂಸ್ಥೆಗೆ ಮಾತ್ರ ಹೊಸತು, ಮಾರುಕಟ್ಟೆಗೂ ಹೊಸತು, ಜಗತ್ತಿಗೇ ಹೊಸತು. ಮೊದಲನೆಯ ಮನೆಯೇ ಹೆಚ್ಚು ತುಂಬುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಲೆಕ್ಕಕ್ಕೆ ಬಾರದವುಗಳನ್ನೂ ಮೊದಲೇ ಬರೆದಿಡಿ. ಹಳೆಯ ಗ್ರೈಂಡರ್ ಹೋಗಿ ಅಂಥದ್ದೇ ಗ್ರೈಂಡರ್ ಬಂದರೆ ಅದು ಬರೀ ಬದಲಿ. ಸೀಸನ್‌ಗೆ ತಕ್ಕ ದರ ಬದಲಾವಣೆ, ಹೋಟೆಲಿನ ಗೋಡೆಗೆ ಬಣ್ಣ, ಅದೇ ತಿಂಡಿ ಅದೇ ಕ್ರಮದ ಇನ್ನೊಂದು ಬ್ರಾಂಚ್, ಇವೂ ಹೊರಗೆ.

ಅವಧಿ ಮೂರು ವರ್ಷ ಮೀರದಿರಲಿ. “ಇತ್ತೀಚೆಗೆ” ಎಂದು ಕೇಳಿದರೆ ಒಬ್ಬರು ಕಳೆದ ದೀಪಾವಳಿಯನ್ನು, ಇನ್ನೊಬ್ಬರು ಮಗಳ ಮದುವೆಯ ವರ್ಷವನ್ನು ನೆನೆಯುತ್ತಾರೆ. ವ್ಯಾಪಾರಿಗಳ ನೆನಪು ಲೆಕ್ಕಪುಸ್ತಕದ ಜೊತೆ ಓಡುವುದರಿಂದ ಏಪ್ರಿಲ್–ಮಾರ್ಚ್ ಲೆಕ್ಕದ ಮೂರು ಹಣಕಾಸು ವರ್ಷ ಹಿಡಿದು, ಆರಂಭ ಮತ್ತು ಕೊನೆಯ ತಿಂಗಳನ್ನು ಪ್ರಶ್ನೆಯಲ್ಲೇ ಹೇಳಿ.

ಪಟ್ಟಿ ಮತ್ತು ಆಯ್ಕೆ

ಯಾರನ್ನು ಕೇಳುವುದು ಎಂಬುದಕ್ಕೆ ಒಂದು ಪಟ್ಟಿ ಬೇಕು. ಕಿರು, ಸಣ್ಣ, ಮಧ್ಯಮ ಉದ್ಯಮಗಳಿಗೆ ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿ 2020ರ ಜುಲೈ 1ರಿಂದ ಇದೆ. ಜಿಲ್ಲಾ ಕೈಗಾರಿಕಾ ಕೇಂದ್ರ, ಪಾಲಿಕೆಯ ಉದ್ದಿಮೆ ಪರವಾನಗಿ, ಕೈಗಾರಿಕಾ ಪ್ರದೇಶದ ಸಂಘದ ಸದಸ್ಯರ ಪಟ್ಟಿ ಇವನ್ನೂ ಕೇಳಿ ನೋಡಿ. ಸಿಕ್ಕ ಪಟ್ಟಿಗಳನ್ನು ಎದುರುಬದುರು ಇಟ್ಟು ತಾಳೆ ನೋಡುವುದು ಬೇಸರದ ಕೆಲಸ, ಆದರೂ ಬಿಡಬೇಡಿ. ಬಾಗಿಲು ಮುಚ್ಚಿದ ಘಟಕಗಳು, ಎರಡು ಹೆಸರಿನಲ್ಲಿರುವ ಒಂದೇ ವ್ಯವಹಾರ, ವಿಳಾಸ ಬದಲಾದವು ಎಲ್ಲ ಇಲ್ಲೇ ಸಿಗುತ್ತವೆ.

ಗಾತ್ರದ ವಿಷಯದಲ್ಲಿ ಎಚ್ಚರ ಬೇಕು. ಉದ್ಯಮ್‌ನಲ್ಲಿ ಕಿರು, ಸಣ್ಣ, ಮಧ್ಯಮ ಎಂಬ ವಿಂಗಡಣೆ ಹೂಡಿಕೆ ಮತ್ತು ವಹಿವಾಟಿನ ಮೇಲೆ ನಿಂತಿದೆ. 2025ರ ಏಪ್ರಿಲ್ 1ರಿಂದ ಅದರ ಮಿತಿಗಳೂ ಏರಿವೆ. ಹೊರದೇಶದ ಸಮೀಕ್ಷೆಗಳು ನೋಡುವುದು ಕೆಲಸಗಾರರ ಸಂಖ್ಯೆಯನ್ನು. ಓಸ್ಲೊ ಕೈಪಿಡಿ ಹತ್ತು ಜನಕ್ಕಿಂತ ಕಡಿಮೆ ಇರುವವರನ್ನು ಅಂತರರಾಷ್ಟ್ರೀಯ ಹೋಲಿಕೆಯಿಂದ ಬಿಡುತ್ತದೆ, ವಿಶ್ವಬ್ಯಾಂಕಿನ ಉದ್ಯಮ ಸಮೀಕ್ಷೆ ಐದು ಜನರಿಂದ ಮೇಲೆ ಹಿಡಿಯುತ್ತದೆ. ಈ ಗೆರೆ ಹಾಕಿದರೆ ನಮ್ಮಲ್ಲಿ ಗಂಡ ಹೆಂಡತಿ ಸೇರಿ ನಡೆಸುವ ಹಪ್ಪಳ, ಉಪ್ಪಿನಕಾಯಿ ಘಟಕ, ಒಬ್ಬ ಸಹಾಯಕನಿರುವ ವರ್ಕ್‌ಶಾಪ್ ಎಲ್ಲ ಹೊರಗೆ. ನನ್ನ ಮತ ಇಷ್ಟೇ: ಅವರನ್ನು ಕೇಳಿ, ಆದರೆ ಅವರ ಫಲಿತಾಂಶವನ್ನು ಬೇರೆ ಕೋಷ್ಟಕದಲ್ಲಿ ಕೊಡಿ. ಹೀಗೆ ಮಾಡಿದರೆ ಹೊರಗಿನ ಅಂಕಿಯೊಂದಿಗೆ ಹೋಲಿಸಲೂ ಬರುತ್ತದೆ, ಸಣ್ಣವರೂ ಕಾಣಿಸುತ್ತಾರೆ. ಕೆಲಸಗಾರರು ಎಂದರೆ ಯಾರು ಎಂಬುದನ್ನೂ ಹೇಳಿ. ಪೀಸ್ ಲೆಕ್ಕದಲ್ಲಿ ಗೇರುಬೀಜದ ಸಿಪ್ಪೆ ಬಿಡಿಸುವವರು, ಮನೆಯಲ್ಲೇ ಕೂತು ಬೀಡಿ ಕಟ್ಟುವವರು ಲೆಕ್ಕದ ಒಳಗೋ ಹೊರಗೋ? ಎಲ್ಲ ಸಂಸ್ಥೆಗೂ ಒಂದೇ ನಿಯಮ ಇರಲಿ.

ಇನ್ನು ಆಯ್ಕೆ. ಪಟ್ಟಿಯನ್ನು ಕಸುಬು ಮತ್ತು ಗಾತ್ರದ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿನಿಂದ ಚೀಟಿ ಎತ್ತಿದ ಹಾಗೆ ಆರಿಸಿ. ಪರಿಚಯದವರನ್ನು ಮಾತ್ರ ಆರಿಸಿದರೆ ಅದು ಸಮೀಕ್ಷೆಯಾಗುವುದಿಲ್ಲ. ಲೆಕ್ಕಕ್ಕೆಂದು ಒಂದು ಕಾಲ್ಪನಿಕ ಉದಾಹರಣೆ ನೋಡಿ. ಒಟ್ಟು 400 ಉದ್ಯಮಗಳಿವೆ: 360 ಸಣ್ಣವು, 30 ಮಧ್ಯಮ, 10 ದೊಡ್ಡವು. ದೊಡ್ಡವನ್ನೆಲ್ಲ, ಮಧ್ಯಮದಲ್ಲಿ 15ನ್ನು, ಸಣ್ಣದರಲ್ಲಿ 60ನ್ನು ಕೇಳಿದಿರಿ. ಹೊಸತು ಮಾಡಿದವರು ಕ್ರಮವಾಗಿ 8, 9, 12 ಸಿಕ್ಕರು. ಸುಮ್ಮನೆ ಕೂಡಿಸಿ ಭಾಗಿಸಿದರೆ 85ರಲ್ಲಿ 29, ಅಂದರೆ ಶೇ 34. ಇದು ತಪ್ಪು. ಸಣ್ಣ ಉದ್ಯಮ ಒಂದೊಂದೂ ಆರನ್ನು, ಮಧ್ಯಮ ಒಂದೊಂದೂ ಎರಡನ್ನು ಪ್ರತಿನಿಧಿಸುತ್ತದೆ. ಆ ತೂಕ ಹಾಕಿದರೆ 8 ಮತ್ತು 18 ಮತ್ತು 72, ಒಟ್ಟು 98. ಅದು 400ರಲ್ಲಿ ಶೇ 24.5. ಹತ್ತು ಅಂಶದಷ್ಟು ವ್ಯತ್ಯಾಸ ತೂಕ ಮರೆತದ್ದರಿಂದಲೇ ಬಂತು.

ಪ್ರಶ್ನೆ ಕೇಳುವುದು

ಇಡೀ ಕೆಲಸದ ಜೀವ ಇಲ್ಲಿದೆ. “ನಿಮ್ಮ ಸಂಸ್ಥೆಯಲ್ಲಿ ನಾವೀನ್ಯ ಏನಾದರೂ ಆಗಿದೆಯೇ?” ಎಂದು ಕೇಳಿದರೆ ಎರಡೇ ಬಗೆಯ ಉತ್ತರ. ಇಂಗ್ಲಿಷ್ ಬ್ರೋಷರ್ ಇರುವವರು ತಕ್ಷಣ ಹೌದು ಅನ್ನುತ್ತಾರೆ. ಉಳಿದವರು, ಎಷ್ಟೋ ಬದಲಾವಣೆ ಮಾಡಿದವರೂ, ಇಲ್ಲ ಅನ್ನುತ್ತಾರೆ. ಮಾತು ಹೀಗೆ ಸಾಗುವುದುಂಟು:

“ಹೊಸತು ಎಂಥದ್ದೂ ಇಲ್ಲ ಮಾರಾಯ್ರೆ, ಅಪ್ಪನ ಕಾಲದಿಂದ ಹೀಗೇ ನಡೀತದೆ.”

“ಸರಿ. ಮೂರು ವರ್ಷದ ಹಿಂದೆ ಬೀಜ ಗ್ರೇಡ್ ಮಾಡ್ತಿದ್ದದ್ದು ಹೇಗೆ?”

“ಹೆಂಗಸರು ಕೂತು ಕೈಯಲ್ಲೇ ಆರಿಸ್ತಿದ್ರು. ಈಗ ಕಲರ್ ಸಾರ್ಟರ್ ಉಂಟಲ್ಲ.”

“ಪ್ಯಾಕಿಂಗ್?”

“ಮೊದಲು ಡಬ್ಬ, ಈಗ ವ್ಯಾಕ್ಯೂಮ್ ಪ್ಯಾಕೆಟ್. ಅದನ್ನೂ ಬರೀಲಿಕ್ಕುಂಟಾ?”

ಬರೆಯಲಿಕ್ಕುಂಟು. ಆದ್ದರಿಂದ ದೊಡ್ಡ ಪದ ಬಿಟ್ಟು ಕೆಲಸದ ಒಂದೊಂದೇ ಭಾಗ ಹಿಡಿದು ಕೇಳಿ. ಮಾರುವ ವಸ್ತು ಅಥವಾ ಸೇವೆ ಒಂದು ಕಡೆ. ಇನ್ನೊಂದು ಕಡೆ ತಯಾರಿಸುವ ರೀತಿ, ಸಾಗಣೆ ಮತ್ತು ದಾಸ್ತಾನು, ಮಾರಾಟ, ಕಂಪ್ಯೂಟರ್ ಮತ್ತು ಮೊಬೈಲ್ ಬಳಕೆ, ಆಡಳಿತ ಮತ್ತು ಲೆಕ್ಕಪತ್ರ, ಹೊಸತನ್ನು ರೂಪಿಸುವ ಕ್ರಮ. 2018ರ ಕೈಪಿಡಿ ವ್ಯವಹಾರ ಕ್ರಮವನ್ನು ಈ ಆರು ಕೆಲಸಗಳಾಗಿಯೇ ವಿಂಗಡಿಸಿದೆ. ಪ್ರತಿಯೊಂದಕ್ಕೂ “ಮೊದಲು ಹೇಗಿತ್ತು, ಈಗ ಹೇಗಿದೆ, ಯಾವ ತಿಂಗಳಿಂದ?” ಎಂದು ಕೇಳಿ. ಹೌದು ಎಂದರೆ ಟಿಕ್ ಹಾಕಿ ಮುಂದೆ ಹೋಗಬೇಡಿ. ಅವರು ಹೇಳಿದ ಮಾತನ್ನೇ ಎರಡು ಮೂರು ವಾಕ್ಯದಲ್ಲಿ ಬರೆದುಕೊಳ್ಳಿ. ಸಂಭಾಷಣೆ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ನಡೆಯಲಿ, ಬರವಣಿಗೆ ಕನ್ನಡದಲ್ಲಿರಲಿ.

ನಂತರ ಹೊಸತು ಎಲ್ಲಿಂದ ಬಂತು ಎಂದು ಕೇಳಿ. ಯಂತ್ರ ಮಾರಿದವರು, ಗಿರಾಕಿ, ಸ್ಪರ್ಧಿಯ ಕಾರ್ಖಾನೆ, ಗಲ್ಫ್‌ನಲ್ಲಿದ್ದು ಬಂದ ತಮ್ಮ, ಕಾಲೇಜು, ಸರ್ಕಾರಿ ತರಬೇತಿ ಎಲ್ಲವೂ ಆಯ್ಕೆಯಲ್ಲಿರಲಿ. ಖರ್ಚು ಕೇಳುವಾಗ ಸಂಶೋಧನೆಯ ಜೊತೆಗೆ ಯಂತ್ರ, ತರಬೇತಿ, ವಿನ್ಯಾಸ, ಸಾಫ್ಟ್‌ವೇರ್‌ಗೂ ಸಾಲು ಬಿಡಿ. ನಿಖರ ಮೊತ್ತ ಹೇಳಲು ಹಿಂಜರಿದರೆ ಲಕ್ಷದ ಹಂತಗಳನ್ನು ತೋರಿಸಿ. ಆರಂಭಿಸಿ ಅರ್ಧಕ್ಕೆ ಬಿಟ್ಟದ್ದನ್ನೂ, ಬಿಟ್ಟ ಕಾರಣವನ್ನೂ ಕೇಳಿ. ಸಾಲ ಸಿಗಲಿಲ್ಲವೋ, ಕೆಲಸ ಗೊತ್ತಿದ್ದವರು ಸಿಗಲಿಲ್ಲವೋ, ಕರೆಂಟ್ ಸಾಲಲಿಲ್ಲವೋ ಎಂಬುದು ನೆರವು ಕೊಡುವವರಿಗೆ ಯಶಸ್ಸಿನ ಪಟ್ಟಿಗಿಂತ ಹೆಚ್ಚು ಉಪಯೋಗ.

ಅಚ್ಚು ಹಾಕಿಸುವ ಮೊದಲು ಬೇರೆ ಬೇರೆ ಕಸುಬಿನ ಹತ್ತು ಹನ್ನೆರಡು ಮಂದಿಯ ಎದುರು ಪ್ರಶ್ನೆಗಳನ್ನು ಓದಿ, “ನಾನು ಕೇಳಿದ್ದು ನಿಮಗೆ ಏನು ಅರ್ಥ ಆಯ್ತು?” ಎಂದು ವಿಚಾರಿಸಿ.

ಫೀಲ್ಡಿಗೆ ಹೋಗುವಾಗ

ಸಮಯ ನೋಡಿ ಹೋಗಿ. ಮಾರ್ಚ್ ಕೊನೆಯಲ್ಲಿ ಯಾರೂ ಕೂತು ಮಾತಾಡುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಮಲ್ಪೆ, ಬಂದರು ಕಡೆಯ ಉದ್ಯಮಿಗಳಿಗೆ ಬಿಡುವು ಆಗಲೇ. ಧಣಿಯನ್ನೇ ಅಥವಾ ಮ್ಯಾನೇಜರನ್ನೇ ಕಾಣಬೇಕು, ಅಕೌಂಟೆಂಟರಿಗೆ ಖರ್ಚು ಗೊತ್ತಿದ್ದರೂ ಶೆಡ್ಡಿನೊಳಗಿನ ಬದಲಾವಣೆ ಗೊತ್ತಿರುವುದಿಲ್ಲ. “ನೀವು ಯಾವ ಇಲಾಖೆಯವರು?” ಎಂಬ ಪ್ರಶ್ನೆ ಬರುವುದು ಖಂಡಿತ. ತೆರಿಗೆಗೂ ಇದಕ್ಕೂ ಸಂಬಂಧವಿಲ್ಲ, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಎಂದು ಬರೆದ ಪತ್ರವನ್ನು ಕೈಗೆ ಕೊಡಿ. ಕೊಟ್ಟ ಮೇಲೆ ಆ ಮಾತು ಉಳಿಸಿಕೊಳ್ಳಿ.

ಉತ್ತರಿಸದವರನ್ನು ಎರಡನೆಯ ಸಲ, ಬೇಕಿದ್ದರೆ ಮೂರನೆಯ ಸಲ ಕಾಣಿ. ಹೇಳಲು ಏನೂ ಇಲ್ಲ ಎಂದುಕೊಂಡವರೇ ಹೆಚ್ಚಾಗಿ ತಪ್ಪಿಸಿಕೊಂಡರೆ ಶೇಕಡಾವಾರು ಸುಮ್ಮನೆ ಏರುತ್ತದೆ.

ತೀರ್ಮಾನ ಮತ್ತು ವರದಿ

ಬರೆದು ತಂದ ವಿವರಣೆಗಳನ್ನು ಇಬ್ಬರು ಬೇರೆ ಬೇರೆಯಾಗಿ ಓದಿ, ಇದು ಹೊಸತೋ ಅಲ್ಲವೋ, ಯಾವ ಬಗೆಯದು ಎಂದು ಗುರುತು ಹಾಕಲಿ. ಭಿನ್ನಾಭಿಪ್ರಾಯ ಬಂದಲ್ಲಿ ಮೂರನೆಯವರು ನೋಡಲಿ. ಹೆಂಚಿನ ಕಾರ್ಖಾನೆ ಕಾಂಕ್ರೀಟ್ ಇಂಟರ್‌ಲಾಕ್ ಮಾಡತೊಡಗಿದರೆ ಉತ್ಪನ್ನದಲ್ಲಿ ಹೊಸತು. ಕೈಬರಹದ ಲೆಕ್ಕದಿಂದ ಸಾಫ್ಟ್‌ವೇರಿಗೆ ಹೋದರೆ ಕ್ರಮದಲ್ಲಿ ಹೊಸತು. ಐಸ್‌ಕ್ರೀಂ ಪಾರ್ಲರಿನವರು ಇದ್ದ ಫ್ಲೇವರನ್ನೇ ಹೊಸ ಹೆಸರಿನಲ್ಲಿ ಮಾರಿದರೆ, ಧಣಿ ಎಷ್ಟೇ ಅಭಿಮಾನದಿಂದ ಹೇಳಲಿ, ಉತ್ಪನ್ನದ ಲೆಕ್ಕಕ್ಕೆ ಬರುವುದಿಲ್ಲ. ಮಾಲೀಕರ ಹೌದು ಎಷ್ಟು, ಓದಿದ ಮೇಲೆ ಉಳಿದದ್ದು ಎಷ್ಟು, ಎರಡೂ ಅಂಕಿ ವರದಿಯಲ್ಲಿರಲಿ.

ಜೊತೆಗೆ ಎಷ್ಟು ಮಂದಿಯನ್ನು ಕೇಳಿದಿರಿ, ಎಷ್ಟು ಮಂದಿ ಉತ್ತರಿಸಿದರು, ಪ್ರಶ್ನೆಯ ಮಾತುಗಳೇನು, ಅವಧಿ ಯಾವುದು ಎಂದು ಮೊದಲ ಪುಟದಲ್ಲೇ ಹೇಳಿ. ಪ್ರಶ್ನೆ ಬೇರೆ, ಅವಧಿ ಬೇರೆ, ಗಾತ್ರದ ಗೆರೆ ಬೇರೆ ಇರುವ ಸಮೀಕ್ಷೆಯ ಪಕ್ಕದಲ್ಲಿಟ್ಟು ಮಂಗಳೂರು ಮೇಲೋ ಕೆಳಗೋ ಎಂದು ಬರೆಯಬೇಡಿ. ಮುಂದಿನ ಸುತ್ತು ಎರಡು ಮೂರು ವರ್ಷದ ನಂತರ ಅದೇ ಪ್ರಶ್ನೆಗಳೊಂದಿಗೆ ನಡೆದರೆ ಹೋಲಿಕೆ ತಾನಾಗಿ ಸಿಗುತ್ತದೆ.

ಹೆಸರು ತೆಗೆದರೆ ಗುಟ್ಟು ಉಳಿಯುತ್ತದೆ ಎಂದುಕೊಳ್ಳಬೇಡಿ, ನಮ್ಮದು ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರು. ಕೋಷ್ಟಕದ ಯಾವುದೇ ಮನೆಯಲ್ಲಿ ಮೂರಕ್ಕಿಂತ ಕಡಿಮೆ ಸಂಸ್ಥೆಗಳಿದ್ದರೆ ಅದನ್ನು ಪಕ್ಕದ ಗುಂಪಿಗೆ ಸೇರಿಸಿ. ಪಟ್ಟಿಯಲ್ಲಿ ಫಿಶ್‌ಮೀಲ್ ಘಟಕ ಎರಡೇ ಇದ್ದರೆ ಐಸ್ ಪ್ಲಾಂಟ್, ಶೀತಲಗೃಹಗಳೊಂದಿಗೆ ಕೂಡಿಸಿ ‘ಮೀನು ಸಂಬಂಧಿ ಉದ್ಯಮ’ ಎಂದು ಒಂದೇ ಸಾಲು ಮಾಡಿ.