ಹೊಸ ಸರ್ಚ್ ಎಂಜಿನ್‌ಗೆ ಮಾಟುಂಗ ತೋರಿಸುವುದು ಹೇಗೆ?

ಊರಿಂದ ಬಂದ ಚಿಕ್ಕಪ್ಪನಿಗೆ ಮುಂಬೈಯ ಮಾಟುಂಗದಲ್ಲಿ ಬಾಳೆಲೆ ಊಟ ಹಾಕಿಸೋಣ ಅಂತ, ಆಗಷ್ಟೇ ಮೊಬೈಲಿಗೆ ಹಾಕಿಕೊಂಡಿದ್ದ ಹೊಸ ಸರ್ಚ್ ಎಂಜಿನ್‌ನಲ್ಲಿ ‘ಉಡುಪಿ ಊಟ’ ಅಂತ ಹುಡುಕಿದೆ. ಅದು ನೇರ ಉಡುಪಿಯ ರಥಬೀದಿಗೇ ಕರೆದುಕೊಂಡು ಹೋಯಿತು. ನಾವಿದ್ದದ್ದು ಡೊಂಬಿವಲಿ ಸ್ಟೇಷನ್ನಿನಲ್ಲಿ!

ಬೈದು ಪ್ರಯೋಜನವಿಲ್ಲ, ಅದರ ಕಷ್ಟ ಅದಕ್ಕೆ. ಪುಟಗಳನ್ನು ಗುಡ್ಡೆ ಹಾಕಿದರೆ ಆಗಲಿಲ್ಲ, ಯಾವುದು ಮೇಲೆ ಬರಬೇಕು ಅಂತ ತಿಳಿಯಬೇಕು. 1998ರಲ್ಲಿ ಶುರುವಾದ ಗೂಗಲ್ ಮೊದಲು ಯಾವ ಪುಟಕ್ಕೆ ಯಾರು ಲಿಂಕ್ ಕೊಟ್ಟಿದ್ದಾರೆ ಅಂತ ಲೆಕ್ಕ ಹಾಕಿತು, ಆಮೇಲೆ ಜನ ಯಾವುದನ್ನು ಒತ್ತಿದರು, ಯಾವುದನ್ನು ಒತ್ತಿ ತಕ್ಷಣ ವಾಪಸ್ ಬಂದರು ಅನ್ನುವುದನ್ನೂ ವರ್ಷಗಟ್ಟಲೆ ನೋಡಿ ಕಲಿಯಿತು. ಹೊಸದಕ್ಕೆ ಕಲಿಸಲು ಅಷ್ಟು ಜನವೇ ಇಲ್ಲ. ಫಲಿತಾಂಶ ಚೆನ್ನಾಗಿಲ್ಲದೆ ಜನ ಬರುವುದಿಲ್ಲ, ಜನ ಬಾರದೆ ಫಲಿತಾಂಶ ಸುಧಾರಿಸುವುದಿಲ್ಲ. 2008ರಲ್ಲಿ ಕೂಲ್ ಅಂತ ಒಂದು ಬಂದಿತ್ತು, ನಮ್ಮಲ್ಲಿ 12,000 ಕೋಟಿ ಪುಟ ಇವೆ ಅಂತ ಹೇಳಿಕೊಂಡಿತು, 2010ಕ್ಕೆ ಬಾಗಿಲು ಹಾಕಿತು.

ಹಾಗಾಗಿ ಅದಕ್ಕೆ ಗೊತ್ತಿಲ್ಲದ್ದನ್ನು ನಾವೇ ಹೇಳಬೇಕು. ಸೆಟ್ಟಿಂಗ್ಸ್‌ಗೆ ಹೋಗಿ ದೇಶ ಭಾರತ ಅಂತ ಮಾಡಿ. ಜಾಗದ ಹೆಸರು ಬರೆಯಿರಿ. ಬರೀ ‘ಮುಂಬೈ’ ಸಾಲದು, ‘ಮಾಟುಂಗ ಈಸ್ಟ್’ ಅನ್ನಿ, ಬೇಕಾದರೆ ‘ಕಿಂಗ್ಸ್ ಸರ್ಕಲ್’ ಸೇರಿಸಿ.

ಕನ್ನಡದಲ್ಲಿ ಹುಡುಕುವಾಗ ಇನ್ನೊಂದು ತಕರಾರಿದೆ. ಮಾಟುಂಗದ, ಮಾಟುಂಗಕ್ಕೆ, ಮಾಟುಂಗದಲ್ಲಿ ಎಲ್ಲ ಒಂದೇ ಅಂತ ನಮಗೆ ಗೊತ್ತು, ಅಲ್ವಾ? ಕನ್ನಡ ಅಷ್ಟಾಗಿ ಕಲಿಯದ ಯಂತ್ರಕ್ಕೆ ಅವು ಮೂರು ಬೇರೆ ಬೇರೆ ಪದ. ಬಾಲ ಕತ್ತರಿಸಿ, ‘ಮಾಟುಂಗ ಬಾಳೆಲೆ ಊಟ’ ಅಂತಷ್ಟೇ ಬರೆಯಿರಿ. ಆಗಲಿಲ್ಲವಾ, ಇಂಗ್ಲಿಷ್‌ನಲ್ಲಿ ಬರೆಯಿರಿ, ಆಮೇಲೆ ಮರಾಠಿಯಲ್ಲಿ. ಇಲ್ಲಿಯ ಹೋಟೆಲ್‌ಗಳ ಬಗ್ಗೆ ಕನ್ನಡದಲ್ಲಿ ಬರೆದವರು ಕಡಿಮೆ, ಇಲ್ಲದ ಪುಟವನ್ನು ಪಾಪ ಅದೆಲ್ಲಿಂದ ತರಬೇಕು?

ಹೋಟೆಲಿನ ಹೆಸರು ಸರಿಯಾಗಿ ನೆನಪಿದ್ದರೆ ಉದ್ಧರಣ ಚಿಹ್ನೆಯ ಒಳಗೆ ಹಾಕಿ.

ಏನು ಮಾಡಿದರೂ ಸಿಗದಿದ್ದರೆ, ಡಕ್‌ಡಕ್‌ಗೋ ಅನ್ನುವ ಸರ್ಚ್ ಎಂಜಿನ್ ಬಳಸುವವರಿಗೆ ಒಂದು ಒಳದಾರಿ ಇದೆ: ಹುಡುಕುವ ಮಾತಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆ, ಅದಕ್ಕೆ ಅಂಟಿಕೊಂಡಂತೆ ಇಂಗ್ಲಿಷಿನ ಜಿ ಅಕ್ಷರ, ಆಮೇಲೆ ಒಂದು ಜಾಗ ಬಿಟ್ಟು ನಿಮ್ಮ ಪ್ರಶ್ನೆ. ಸೀದಾ ಗೂಗಲ್‌ಗೆ ಹೋಗುತ್ತೀರಿ. ಗೂಗಲ್ ಬಿಟ್ಟೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುವ ನಾನೂ ದಿನಕ್ಕೆರಡು ಸಲ ಹೀಗೆ ಹಿತ್ತಲ ಬಾಗಿಲಿಂದ ಹೋಗಿ ಬರುತ್ತೇನೆ.