ಮಾಡೆಲ್ ಟಿ ಗಾಲಿಗೆ ನಾನೇ ಕೆತ್ತಿದ ಅರಗಳು

ಹಿಂದಿನ ಬಲಗಾಲಿಗೆ ಜಾಕ್ ಕೊಟ್ಟು ಎತ್ತಿ, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಕಟಕಟ ಅಂದಿತು. ಬೇರಿಂಗ್ ಸರಿಯಾಗೇ ಇತ್ತು. ಸಡಿಲವಾಗಿದ್ದು ನಡುವಿನ ಮರದ ಅರಗಳು, ಅಂದರೆ ಸ್ಪೋಕುಗಳು.

ಕಾರು 1923ರ ಫೋರ್ಡ್ ಮಾಡೆಲ್ ಟಿ. ನಾನಿರುವುದು ಅಮೆರಿಕದ ಮಿಷಿಗನ್ನಿನಲ್ಲಿ. 1908ರಲ್ಲಿ ಮೊದಲ ಮಾಡೆಲ್ ಟಿ ತಯಾರಾದ ಡೆಟ್ರಾಯಿಟ್‌ನ ಪಿಕೆಟ್ ಅವೆನ್ಯೂ ಕಾರ್ಖಾನೆ ಇಲ್ಲಿಂದ ಮುಕ್ಕಾಲು ಗಂಟೆಯ ದಾರಿ. ಈ ಕಾರಿನಲ್ಲಿ ಕಾಲಲ್ಲಿ ತುಳಿಯುವ ಬ್ರೇಕ್ ಇರುವುದು ಗೇರ್ ಪೆಟ್ಟಿಗೆಯೊಳಗೆ. ಮುಂದಿನ ಗಾಲಿಗಳಿಗೆ ಬ್ರೇಕೇ ಇಲ್ಲ. ಹಾಗಾಗಿ ಓಡಿಸುವ ಬಲ, ನಿಲ್ಲಿಸುವ ಬಲ ಎರಡೂ ಹಿಂದಿನ ಗಾಲಿಯ ಮರದ ಮೂಲಕವೇ ಹಾಯಬೇಕು. ಆ ಮರ ಸಡಿಲವಾದರೆ ಕಾರು ಹೊರಗೆ ತೆಗೆಯುವ ಹಾಗೇ ಇಲ್ಲ.

ನನಗೆ ಮೊದಲು ನೆನಪಾಗಿದ್ದು ಮಂಡ್ಯದ ಕಡೆಯ ನಮ್ಮೂರ ಕೆರೆ. ಬೇಸಿಗೆಯಲ್ಲಿ ಎತ್ತಿನ ಗಾಡಿಯ ಚಕ್ರ ಸಡಿಲವಾದರೆ ತಾತ ಅದನ್ನು ಉರುಳಿಸಿಕೊಂಡು ಹೋಗಿ ನೀರಲ್ಲಿ ಮಲಗಿಸುತ್ತಿದ್ದರು. ಜಾಲಿ ಮರ ನೀರು ಕುಡಿದು ಉಬ್ಬಿ, ಚಕ್ರ ಬಿಗಿಯಾಗುತ್ತಿತ್ತು. ಇಲ್ಲಿಯೂ ಹಳೆಯ ಕಾರಿನವರು ಹಾಗೆ ಮಾಡುತ್ತಿದ್ದರಂತೆ. ನಾನು ಮಾಡಲಿಲ್ಲ. ಜಾಗವಿಲ್ಲದ ಕಡೆ ಉಬ್ಬಿದ ಮರದ ನಾರು ಒಂದಕ್ಕೊಂದು ಒತ್ತಿ ಜಜ್ಜಿಹೋಗುತ್ತದೆ. ಮತ್ತೆ ಒಣಗಿದಾಗ ಮೊದಲಿಗಿಂತ ಜಾಸ್ತಿ ಸಡಿಲ. ಬೋಲ್ಟಿಗೆ ತುಕ್ಕು ಬೇರೆ.

ಹೊಸ ಅರಗಳು ದುಡ್ಡಿಗೆ ಸಿಗುತ್ತವೆ. ಆದರೆ ಮರದ ಕೆಲಸ ನನಗೆ ಇಷ್ಟ, ಅದಕ್ಕೇ ನಾನೇ ಮಾಡಲು ಕೂತೆ. ಮರ ಹಿಕರಿ, ಅಮೆರಿಕದ ಒಂದು ಗಟ್ಟಿ ಮರ. ಫೋರ್ಡ್ ಬಳಸಿದ್ದೂ ಅದನ್ನೇ. ಬಡಿತ ತಡೆಯುವುದರಲ್ಲಿ ಇದಕ್ಕೆ ಸಾಟಿ ಕಡಿಮೆ. ಕೊಡಲಿ, ಸುತ್ತಿಗೆಗಳ ಕಾವು ಇಲ್ಲಿ ಇದರದ್ದೇ. ಮೊದಲ ಸಲ ಅಂಗಡಿಯಿಂದ ಗರಗಸದಲ್ಲಿ ಕೊಯ್ದ ಹಲಗೆ ತಂದೆ. ಅದು ನನ್ನ ತಪ್ಪು. ನಾರು ಓರೆಯಾಗಿ ಹೊರಗೆ ಓಡಿತ್ತು. ಅರಗಳನ್ನು ಗಾಲಿಗೆ ಒತ್ತಿ ಕೂರಿಸುವಾಗ ಎರಡು ಸೀಳಿಹೋದವು. ಎರಡನೇ ಸಲ ಉರುಳಿದ ಹಿಕರಿ ದಿಮ್ಮಿಯೊಂದನ್ನು ಹುಡುಕಿ ತಂದು, ಬೆಣೆ ಹೊಡೆದು ಸೀಳಿದೆ. ಸೀಳಿದಾಗ ಮರ ತನ್ನ ನಾರಿನ ಜಾಡಿನಲ್ಲೇ ಬಿಡಿಸಿಕೊಳ್ಳುತ್ತದೆ. ಬೆಳವಣಿಗೆಯ ಉಂಗುರಗಳು ದಪ್ಪವಾಗಿದ್ದ ತುಂಡುಗಳನ್ನೇ ಆರಿಸಿಕೊಂಡೆ. ಹಿಕರಿಯಲ್ಲಿ ಬೇಗ ಬೆಳೆದ ಮರವೇ ಗಟ್ಟಿ.

ಆಮೇಲೆ ಕಾಯುವ ಕೆಲಸ. ಎರಡು ವರ್ಷ ಶೆಡ್ಡಿನಲ್ಲಿ, ಕೊನೆಯ ಚಳಿಗಾಲ ಮನೆಯೊಳಗೆ ಹೀಟರ್ ಪಕ್ಕ. ತೇವದ ಮೀಟರ್ ಶೇ. 7 ತೋರಿಸಿದ ಮೇಲೆಯೇ ಡ್ರಾ ನೈಫ್, ಅಂದರೆ ಎರಡು ಹಿಡಿಯ ಕೀಸುವ ಕತ್ತಿ, ಹಿಡಿದೆ.

ಕೆತ್ತುವುದು ಅಷ್ಟು ಕಷ್ಟವಲ್ಲ. ಹೊರತುದಿಗೆ ದುಂಡನೆಯ ಗೂಟದಂಥ ತುದಿ, ಅದು ಗಾಲಿಯ ಸುತ್ತಲಿನ ಉಕ್ಕಿನ ಬಳೆಯ ತೂತಿಗೆ ಕೂರುತ್ತದೆ. ನಡುವೆ ಮೊಟ್ಟೆಯಾಕಾರ. ಕಷ್ಟವಿರುವುದು ಒಳತುದಿಯಲ್ಲಿ. ಒಂದು ಗಾಲಿಗೆ 12 ಅರ. ಒಂದೊಂದರ ಒಳತುದಿಯೂ 30 ಡಿಗ್ರಿಯ ಬೆಣೆ. ಹನ್ನೆರಡೂ ಸೇರಿ 360. ಅಲ್ಲಿ ಅಂಟೂ ಇಲ್ಲ, ಮೊಳೆಯೂ ಇಲ್ಲ. ಒಂದನ್ನೊಂದು ಒತ್ತಿಕೊಂಡೇ ನಿಲ್ಲಬೇಕು. ಪ್ರತಿ ಬೆಣೆಯಲ್ಲಿ ಅರ್ಧ ಡಿಗ್ರಿ ಕಡಿಮೆಯಾದರೂ ಕೊನೆಗೆ 6 ಡಿಗ್ರಿಯ ಸಂದಿ ಬಾಯಿ ಬಿಡುತ್ತದೆ! ಮೊದಲ ಗಾಲಿಯಲ್ಲಿ ನನಗೆ ಆಗಿದ್ದು ಹಾಗೇ. ಹನ್ನೆರಡನೆಯ ಅರ ಎರಡು ಬೆರಳಲ್ಲೇ ಎತ್ತಲು ಬಂತು. ಆಮೇಲೆ ಒಂದು ಜಿಗ್ ಮಾಡಿಕೊಂಡೆ, ಅಂದರೆ ಪ್ರತಿ ಅರವನ್ನೂ ಒಂದೇ ಕೋನದಲ್ಲಿ ಹಿಡಿದಿಡುವ ಅಚ್ಚು. ಬೆಣೆಯ ಮುಖಗಳಿಗೆ ಸೀಮೆಸುಣ್ಣ ಸವರಿ, ಜೋಡಿಸಿ, ಬಿಚ್ಚಿ, ಸುಣ್ಣ ಮೆತ್ತಿಕೊಂಡ ಕಡೆ ಮಾತ್ರ ಕೂದಲೆಳೆಯಷ್ಟು ಕೀಸಿದೆ. ಒಂದು ಗಾಲಿಗೆ ನಾಲ್ಕು ಸಂಜೆ ಹಿಡಿಯಿತು.

ಜೋಡಿಸುವ ರೀತಿ ನೋಡಲು ಚೆಂದ. ಉಕ್ಕಿನ ಬಳೆಯನ್ನು ಬಿಚ್ಚಲು ಬರುವುದಿಲ್ಲ. ಆದ್ದರಿಂದ ಹೊರತುದಿಗಳನ್ನು ತೂತಿಗೆ ಸೇರಿಸಿ, ಒಳತುದಿಗಳನ್ನು ಗುಡಾರದ ಹಾಗೆ ಮೇಲಕ್ಕೆ ಎತ್ತಿ ನಿಲ್ಲಿಸಬೇಕು. ಮೇಲಿಂದ ಹೈಡ್ರಾಲಿಕ್ ಜಾಕ್‌ನಿಂದ ನಿಧಾನವಾಗಿ ಒತ್ತಬೇಕು. ಕಿರ್ ಎಂದು ಶುರುವಾಗಿ, ಇಡೀ ಗುಡಾರ ಒಂದೇ ಸಲ ಟಪ್ ಎಂದು ಚಪ್ಪಟೆಯಾಯಿತು. ಕೈಯಿಟ್ಟು ನೋಡಿದೆ. ಹನ್ನೆರಡು ತುಂಡು ಅಂತ ಅನ್ನಿಸಲೇ ಇಲ್ಲ. ಕಣ್ಣಲ್ಲಿ ನೀರು ಬಂತು.

ಬೋಲ್ಟಿನ ತೂತು ಕೊರೆಯಬೇಕಾದ್ದು ಒತ್ತಿದ ಮೇಲೆಯೇ, ಮೊದಲೇ ಅಲ್ಲ. ಒಂದು ಗಾಲಿಗೆ 6 ಬೋಲ್ಟ್. ಅವು ಎರಡು ಅರಗಳು ಕೂಡುವ ಗೆರೆಯ ಮೇಲೆ ಬರುತ್ತವೆ. ನಟ್ ಬಿಗಿದ ಮೇಲೆ ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ತಟ್ಟಿ ಹರಡಿಸಿದೆ, ಬಿಚ್ಚಿಕೊಳ್ಳದಿರಲಿ ಅಂತ. ಬಣ್ಣ ಕಪ್ಪು. ಬರಿಯ ವಾರ್ನಿಷ್ ಹೊಡೆದು ಮರ ತೋರಿಸಬಹುದಿತ್ತು, ಆದರೆ 1914ರಿಂದ 1925ರವರೆಗೆ ಮಾಡೆಲ್ ಟಿ ಬರುತ್ತಿದ್ದದ್ದೇ ಕಪ್ಪಿನಲ್ಲಿ.

ಹಿಂದಿನ ಎರಡು ಗಾಲಿ ಒಂದು ಬೇಸಿಗೆ, ಒಂದು ಚಳಿಗಾಲ ಕಂಡಿವೆ. ತಿಂಗಳಿಗೊಮ್ಮೆ ಜಾಕ್ ಹಾಕಿ ಅಲ್ಲಾಡಿಸುತ್ತೇನೆ. ಸದ್ದಿಲ್ಲ. ಮುಂದಿನ ಗಾಲಿಗಳ ಮರ ಈಗ ಹೀಟರ್ ಪಕ್ಕದಲ್ಲಿದೆ. ನಿನ್ನೆ ಮೀಟರ್ 9 ತೋರಿಸಿತು. 7ಕ್ಕೆ ಇಳಿಯುವವರೆಗೆ ಮುಟ್ಟುವುದಿಲ್ಲ.